ಕಿವಿ ಹಿಂದೆ ಸಣ್ಣ ಕರೆಂಟು ಹರಿಸಿದ್ರೆ ನೆಟ್ಟಗಿರೋ ಗೆರೆ ವಾಲಿ ಕಾಣೋದ್ಯಾಕೆ?

ಆನಗೋಡು_ಆಡಿಯೋ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಕಿವಿ ಪರೀಕ್ಷೆ ಮಾಡೋದು ನನ್ನ ಕೆಲಸ. ತಲೆಸುತ್ತು ಅಂತ ಬರೋರಲ್ಲಿ ಎಷ್ಟೋ ಜನ ಮೊದಲು ಕನ್ನಡಕ ಬದಲಾಯಿಸಿ, ಅದರಿಂದ ಏನೂ ಆಗದೆ, ಆಮೇಲೆ ನಮ್ಮ ಕಡೆ ಬರ್ತಾರೆ. "ಬಾಗಿಲ ಚೌಕಟ್ಟು ಒಂದು ಕಡೆ ವಾಲೈತೆ", "ನಡೆಯುವಾಗ ಅಂಗಡಿ ಬೋರ್ಡು ಕುಣೀತಾವೆ, ಓದಕ್ಕಾಗಲ್ಲ" ಅಂತಾರೆ. ಇಂಥ ಮಾತು ಕೇಳಿದ್ರೆ ಯಾರಿಗಾದ್ರೂ ಕಣ್ಣಿನ ದೋಷ ಅಂತಲೇ ಅನ್ನಿಸುತ್ತೆ. ಕಣ್ಣು ಪರೀಕ್ಷೆ ಮಾಡಿದ್ರೆ ಸರಿಯಾಗೇ ಇರುತ್ತೆ. ತೊಂದರೆ ಒಳಗಿವಿಯಲ್ಲಿ.

ಇದನ್ನ ಮನೆಯವರಿಗೆ ಒಪ್ಪಿಸೋದು ಕಷ್ಟ. ನನ್ನ ಪ್ರಕಾರ ಇದಕ್ಕಿರೋ ಬಲವಾದ ಸಾಕ್ಷಿ ಅಂದ್ರೆ ಜಿವಿಎಸ್ ಪ್ರಯೋಗ. ಪೂರ್ತಿ ಹೆಸರು ಗ್ಯಾಲ್ವನಿಕ್ ವೆಸ್ಟಿಬ್ಯುಲರ್ ಸ್ಟಿಮ್ಯುಲೇಷನ್. ಎರಡೂ ಕಿವಿಯ ಹಿಂದಿನ ಉಬ್ಬು ಮೂಳೆ ಮೇಲೆ ಒಂದೊಂದು ಎಲೆಕ್ಟ್ರೋಡ್ ಅಂಟಿಸಿ, ಒಂದೆರಡು ಮಿಲಿಆಂಪಿಯರ್ ಕರೆಂಟು ಹರಿಸ್ತಾರೆ. ಕತ್ತಲೆ ಕೋಣೆ, ಎದುರಿಗೆ ಹೊಳೆಯೋ ಒಂದೇ ಒಂದು ಗೆರೆ. ಅದನ್ನ ತಿರುಗಿಸಿ ನೆಟ್ಟಗೆ ನಿಲ್ಲಿಸಿ ಅಂತ ಹೇಳ್ತಾರೆ. ಆರೋಗ್ಯವಂತರು ಕರೆಂಟಿಲ್ಲದಾಗ ಸುಮಾರು ಎರಡು ಡಿಗ್ರಿ ಒಳಗೇ ಸರಿಯಾಗಿ ನಿಲ್ಲಿಸ್ತಾರೆ. ಕರೆಂಟು ಬಂದ ಮೇಲೆ ಅದೇ ಜನ ಗೆರೆಯನ್ನ ಒಂದು ಕಡೆ ವಾಲಿಸಿ "ಈಗ ಸರಿಯಾಯ್ತು" ಅಂತಾರೆ. ಕಣ್ಣಿನ ಲೆನ್ಸಿಗೆ, ಎದುರಿನ ಗೆರೆಗೆ ಏನೂ ಆಗಿರಲ್ಲ. ಮುಟ್ಟಿದ್ದು ಕಿವಿ ಹಿಂದೆ, ಬದಲಾಗಿದ್ದು ನೋಟ.

ನೆಟ್ಟಗೆ ಅನ್ನೋದನ್ನ ಕಣ್ಣೊಂದೇ ತೀರ್ಮಾನ ಮಾಡಲ್ಲ ಅನ್ನೋದೇ ನಾನು ಹೇಳಬೇಕಂತಿರೋದು. ಗೊತ್ತಿರೋರು ಸೇರಿಸಿ, ಅನುಮಾನ ಇದ್ದೋರು ಕೇಳಿ.

ಹೊಂಡದ_ಸರ್ಕಲ್

ಮೇಡಂ, ನಾನು ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡೋನು. ಒಂದು ಮಿಲಿಆಂಪಿಯರ್ ಅಂದ್ರೆ ಸಣ್ಣ ಎಲ್‌ಇಡಿ ಮಂಕಾಗಿ ಹತ್ತೋವಷ್ಟು. ಅಷ್ಟಕ್ಕೆ ಮೂಳೆ ದಾಟಿ ಒಳಗಿರೋ ಅಂಗಕ್ಕೆ ಏನು ಮಾಡಾಕಾಗುತ್ತೆ? ಮತ್ತೆ ಪ್ಲಸ್ಸು ಮೈನಸ್ಸು ಅದಲು ಬದಲು ಮಾಡಿದ್ರೆ ವಾಲೋ ದಿಕ್ಕೂ ಬದಲಾಗುತ್ತಾ?

ಆನಗೋಡು_ಆಡಿಯೋ

ಬದಲಾಗುತ್ತೆ ಅಣ್ಣ. ಇದು ಬರೀ ಚರ್ಮದ ಚುರುಚುರು ಅಲ್ಲ ಅನ್ನೋಕೆ ಅದೇ ಒಂದು ಗುರುತು.

ಒಳಗಿವಿಯಲ್ಲಿ ಸಮತೋಲನಕ್ಕೆ ಅಂತ ಪ್ರತಿ ಕಡೆ ಐದು ಭಾಗ ಇದಾವೆ. ಮೂರು ಅರ್ಧವೃತ್ತ ನಾಳಗಳು ತಲೆ ತಿರುಗೋದನ್ನ ತಿಳಿಸ್ತವೆ. ಯುಟ್ರಿಕಲ್, ಸ್ಯಾಕ್ಯೂಲ್ ಅನ್ನೋ ಎರಡು ಪುಟ್ಟ ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳು ಕೂತಿರ್ತವೆ, ತಲೆ ಎತ್ತ ವಾಲಿದೆ ಅಂತ ತಿಳಿಸೋದು ಅವು. ಇವುಗಳಿಂದ ಹೊರಡೋ ನರಗಳು ನಾವು ಅಲ್ಲಾಡದೆ ಕೂತಿದ್ರೂ ಸುಮ್ಮನಿರಲ್ಲ. ಮಂಗಗಳಲ್ಲಿ ಅಳೆದಾಗ ಒಂದೊಂದು ನರತಂತು ಸೆಕೆಂಡಿಗೆ ಸುಮಾರು 90 ಸಲ ಮಿಡೀತಾ ಇತ್ತು. ಹಾಗೆ ಮೊದಲೇ ಮಿಡಿಯೋ ನರವನ್ನ ಸ್ವಲ್ಪ ಜೋರು ಮಾಡೋಕೆ, ಸ್ವಲ್ಪ ನಿಧಾನ ಮಾಡೋಕೆ ದೊಡ್ಡ ಕರೆಂಟು ಬೇಡ. ಮೈನಸ್ ಇರೋ ಕಡೆ, ಅಂದ್ರೆ ಕ್ಯಾಥೋಡ್ ಕಡೆ, ಮಿಡಿತ ಹೆಚ್ಚುತ್ತೆ. ಪ್ಲಸ್ ಇರೋ ಆನೋಡ್ ಕಡೆ ಕಡಿಮೆಯಾಗುತ್ತೆ.

ಗಾಡಿಗೆ ಕಟ್ಟಿದ ಜೋಡೆತ್ತಲ್ಲಿ ಒಂದು ಹಿಂದೆ ಬಿದ್ರೆ ಗಾಡಿ ಆ ಕಡೆಗೇ ತಿರುಗುತ್ತಲ್ಲ, ಹಂಗೇ ಇಲ್ಲೂ. ಕಣ್ಣು ಮುಚ್ಚಿ ನಿಂತೋರ ದೇಹ ಆನೋಡ್ ಕಡೆ ವಾಲುತ್ತೆ. ಕಣ್ಣುಗುಡ್ಡೆಗಳ ಮೇಲ್ಭಾಗಾನೂ ಆನೋಡ್ ಕಡೆಗೆ ಉರುಳುತ್ತೆ. ಎಡಕ್ಕೆ ಬಲಕ್ಕೆ ನೋಡೋ ಚಲನೆ ಅಲ್ಲ ಇದು, ಕಣ್ಣುಗುಡ್ಡೆ ತನ್ನ ಅಕ್ಷದ ಸುತ್ತ ಚೂರು ಹೊರಳೋದು.

ಪಿಬಿ_ರೋಡ್_ಪಿಜಿ

ಮೇಡಂ ಹೇಳಿದ್ದಕ್ಕೆ ಆಸ್ಪತ್ರೆ ಕಡೆಯಿಂದ ಒಂದು ಮಾತು. ಬಲಗಿವಿಯ ಸಮತೋಲನದ ನರ ಊದಿಕೊಂಡು ಕೆಲಸ ನಿಲ್ಲಿಸಿದ ರೋಗಿ ಗೆರೆಯನ್ನ ಬಲಕ್ಕೇ ವಾಲಿಸ್ತಾರೆ, ಕಣ್ಣುಗುಡ್ಡೆನೂ ಬಲಕ್ಕೇ ಹೊರಳಿರುತ್ತೆ. ಬಲಗಡೆ ಆನೋಡ್ ಇಟ್ಟಾಗಲೂ ಅದೇ ಚಿತ್ರ. ಕಾಯಿಲೆಯ ಒಂದು ತುಣುಕನ್ನ ಆರೋಗ್ಯವಂತರಲ್ಲಿ ಸ್ವಲ್ಪ ಹೊತ್ತು ತಂದು, ಸ್ವಿಚ್ ಆಫ್ ಮಾಡಿದ ತಕ್ಷಣ ವಾಪಸ್ ಕಳಿಸಬಹುದು. ಸಂಶೋಧಕರಿಗೆ ಈ ಕರೆಂಟಿನ ಮೇಲೆ ಪ್ರೀತಿ ಅದಕ್ಕೇ.

ಚಳ್ಳಕೆರೆ_ಶೇಂಗಾ

ಒಂದ್ನಿಮಿಷ. ನಾನು ಬೇರೆ ಕಡೆ ಓದಿದ್ರಲ್ಲಿ ಗೆರೆ ಕ್ಯಾಥೋಡ್ ಕಡೆಗೆ ವಾಲಿ ಕಾಣುತ್ತೆ ಅಂತಿತ್ತು. ಇಲ್ಲಿ ಇಬ್ಬರೂ ಆನೋಡ್ ಅಂತಿದೀರ. ಯಾವುದು ಖರೆ? ದಿಕ್ಕೇ ಗೊತ್ತಿಲ್ಲದಿದ್ರೆ ಇದನ್ನ ವಿಜ್ಞಾನ ಅಂತ ಹೆಂಗೆ ನಂಬೋದು?

ಪಿಬಿ_ರೋಡ್_ಪಿಜಿ

ಎರಡೂ ಖರೆ, ಕೇಳೋ ಪ್ರಶ್ನೆ ಬೇರೆ ಬೇರೆ. ನಿಧಾನವಾಗಿ ನೋಡಿ.

ಆನೋಡ್ ಬಲಗಡೆ ಇದೆ ಅಂತಿಟ್ಕೊಳ್ಳಿ. ಕಣ್ಣುಗುಡ್ಡೆಯ ಮೇಲ್ಭಾಗ ಬಲಕ್ಕೆ ಹೊರಳಿತು. ಎದುರಿಗಿರೋ ಗೆರೆ ನಿಜವಾಗಿ ನೆಟ್ಟಗಿದೆ. ಕಣ್ಣು ಬಲಕ್ಕೆ ಹೊರಳಿರೋದ್ರಿಂದ, ಕಣ್ಣಿನ ಲೆಕ್ಕದಲ್ಲಿ ಆ ಗೆರೆ ಎಡಕ್ಕೆ, ಅಂದ್ರೆ ಕ್ಯಾಥೋಡ್ ಕಡೆ, ವಾಲಿದಂಗಾಯ್ತು. "ಈ ಗೆರೆ ಎತ್ತ ವಾಲೈತೆ?" ಅಂತ ಕೇಳಿದ್ರೆ "ಎಡಕ್ಕೆ" ಅಂತಾರೆ. "ಸರಿ, ನೆಟ್ಟಗೆ ಮಾಡಿ" ಅಂದ್ರೆ ಎಡಕ್ಕೆ ವಾಲಿದ್ದನ್ನ ಸರಿಪಡಿಸೋಕೆ ಬಲಕ್ಕೆ ತಿರುಗಿಸ್ತಾರೆ. ಗೆರೆ ಈಗ ಆನೋಡ್ ಕಡೆ ವಾಲಿ ನಿಂತಿರುತ್ತೆ, ಅವರಿಗೆ ಮಾತ್ರ ಅದು ನೆಟ್ಟಗೆ. ನೀವು ಓದಿದ್ದು ಮೊದಲನೇ ಪ್ರಶ್ನೆಯ ಉತ್ತರ ಇರಬೇಕು, ನಾವು ಹೇಳಿದ್ದು ಎರಡನೇದರದು.

ಕಣ್ಣು ಹೊರಳಿದ್ದರಿಂದಲೇ ಎಲ್ಲವೂ ಆಯ್ತು ಅನ್ನೋಕೂ ಆಗಲ್ಲ. ಕಣ್ಣು ಹೊರಳಿದ ಡಿಗ್ರಿಗೂ ಗೆರೆ ವಾಲಿದ ಡಿಗ್ರಿಗೂ ಸದಾ ತಾಳೆಯಾಗಲ್ಲ. ತಲೆ ಎತ್ತ ಇದೆ ಅನ್ನೋ ಮಿದುಳಿನ ಅಂದಾಜೂ ಕದಲಿರುತ್ತೆ, ಅದೂ ನೋಟಕ್ಕೆ ಸೇರಿಕೊಳ್ಳುತ್ತೆ. ಯಾವುದರ ಪಾಲು ಎಷ್ಟು ಅಂತ ಬಿಡಿಸೋದೇ ಈ ಕ್ಷೇತ್ರದ ದೊಡ್ಡ ಕೆಲಸ.

ಚಳ್ಳಕೆರೆ_ಶೇಂಗಾ

ಈಗ ತಿಳೀತು ಸರ್. ಯಾವ ಪ್ರಶ್ನೆ ಅಂತ ಬರೀದೆ ಬರೀ ದಿಕ್ಕು ಬರೆಯೋದೇ ಗೋಜಲು ಮಾಡಿರೋದು.

ಇನ್ನೊಂದು ಅನುಮಾನ. ಇಷ್ಟು ಸುಲಭವಾಗಿ ನೋಟ ಕದಲೋದಾದ್ರೆ ಕತ್ತಲೆ ಕೋಣೆ ಯಾಕೆ ಬೇಕು? ಹಗಲಲ್ಲಿ ಮಾಡಿದ್ರೆ ಊರೆಲ್ಲ ವಾಲಬೇಕಲ್ಲ?

ದುರ್ಗದ_ಬಂಡೆ

ಹೈಸ್ಕೂಲಲ್ಲಿ ವಿಜ್ಞಾನ ಹೇಳೋನು ನಾನು, ಚಿತ್ರದುರ್ಗ. ಈ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ಇದು ನನಗೆ ಇಷ್ಟದ ವಿಷಯ.

ಹಗಲಲ್ಲಿ ಕಣ್ಣಿಗೆ ಬೇರೆ ಸಾಕ್ಷಿಗಳು ಸಿಗ್ತವೆ. ಗೋಡೆಯ ಮೂಲೆ, ಕಿಟಕಿ, ಲೈಟುಕಂಬ, ತೆಂಗಿನಮರ, ಎಲ್ಲ ಸೇರಿ "ಮೇಲೆ ಅಂದ್ರೆ ಈ ಕಡೆ" ಅಂತ ಹೇಳ್ತವೆ. ಆಗ ಕಿವಿಯ ಮಾತಿಗೆ ತೂಕ ಕಡಿಮೆ. ಕತ್ತಲೆಯಲ್ಲಿ ಒಂದೇ ಗೆರೆ ಇದ್ದಾಗ ಕಿವಿ ಹೇಳಿದ್ದೇ ಹೆಚ್ಚುಕಡಿಮೆ ನಡೆಯುತ್ತೆ. ಇದರ ಉಲ್ಟಾನೂ ಮಾಡಿ ನೋಡಿದಾರೆ. 1948ರಲ್ಲಿ ವಿಟ್ಕಿನ್ ಮತ್ತು ಆಶ್ ಅನ್ನೋ ಮನೋವಿಜ್ಞಾನಿಗಳು ಕತ್ತಲೆಯಲ್ಲಿ ಹೊಳೆಯೋ ಒಂದು ಚೌಕಟ್ಟನ್ನ ವಾಲಿಸಿಟ್ಟು, ಅದರ ನಡುವಿನ ಕೋಲನ್ನ ನೆಟ್ಟಗೆ ನಿಲ್ಲಿಸಿ ಅಂದ್ರು. ಜನ ಕೋಲನ್ನ ಚೌಕಟ್ಟಿನ ಕಡೆಗೆ ಎಳೆದು ನಿಲ್ಲಿಸಿದ್ರು. ಅಲ್ಲಿ ಕಿವಿ ಸರಿಯಾಗೇ ಇತ್ತು, ದಾರಿ ತಪ್ಪಿಸಿದ್ದು ಚೌಕಟ್ಟು. ಎಲ್ಲರೂ ಒಂದೇ ಪ್ರಮಾಣದಲ್ಲಿ ದಾರಿ ತಪ್ಪಲಿಲ್ಲ ಅನ್ನೋದೂ ಅಲ್ಲೇ ಕಂಡಿತು. ಕೆಲವರು ಚೌಕಟ್ಟನ್ನ ಹೆಚ್ಚು ನಂಬ್ತಾರೆ, ಕೆಲವರು ದೇಹವನ್ನ.

ದುರ್ಗದ ಬಸ್‌ಸ್ಟ್ಯಾಂಡಲ್ಲಿ ಕೂತಾಗ ಪಕ್ಕದ ಬಸ್ಸು ಹಿಂದಕ್ಕೆ ಸರಿದ್ರೆ ನಮ್ಮ ಬಸ್ಸೇ ಮುಂದೆ ಹೊರಟಂಗೆ ಆಗಲ್ವಾ? ಕಿವಿ "ಅಲ್ಲಾಡ್ತಿಲ್ಲ" ಅಂತಿರುತ್ತೆ, ಕಣ್ಣು "ಹೊರಟ್ವಿ" ಅಂತಿರುತ್ತೆ, ಒಂದೆರಡು ಕ್ಷಣ ಕಣ್ಣೇ ಗೆಲ್ಲುತ್ತೆ.

ಮಲಗಿ ನೋಡಿದ್ರೂ ನೆಟ್ಟಗೆ ಅನ್ನೋದು ಕದಲುತ್ತೆ. ಆಬರ್ಟ್ ಅನ್ನೋ ವಿಜ್ಞಾನಿ 1861ರಲ್ಲೇ ಬರೆದಿದಾರೆ. ಕತ್ತಲೆಯಲ್ಲಿ ಪೂರ್ತಿ ಪಕ್ಕಕ್ಕೆ ಮಲಗಿದೋರಿಗೆ ನೆಟ್ಟಗಿನ ಹೊಳೆಯೋ ಗೆರೆ, ತಲೆ ವಾಲಿದ ಕಡೆಗೆ ವಿರುದ್ಧವಾಗಿ ಓರೆಯಾಗಿ ಕಾಣುತ್ತೆ. ದೀಪ ಹಾಕಿದ ತಕ್ಷಣ ಸರಿಹೋಗುತ್ತೆ.

ಪಿಬಿ_ರೋಡ್_ಪಿಜಿ

ಸರ್ ಹೇಳಿದ್ದಕ್ಕೆ ಮಿದುಳಿನೊಳಗಿನ ಕಥೆ ಸೇರಿಸ್ತೀನಿ. 1998ರಲ್ಲಿ ಜರ್ಮನಿಯ ಬ್ರಾಂಟ್ ಅನ್ನೋ ವೈದ್ಯ ಮತ್ತು ಜೊತೆಯವರು ಪೆಟ್ ಸ್ಕ್ಯಾನಲ್ಲಿ, ಅಂದ್ರೆ ಮಿದುಳಿನ ಯಾವ ಭಾಗ ಚುರುಕಾಗಿದೆ ಅಂತ ತೋರಿಸೋ ಸ್ಕ್ಯಾನಲ್ಲಿ, ತೋರಿಸಿದ್ದು ಏನಂದ್ರೆ, ಸುತ್ತಲಿನ ದೃಶ್ಯ ತಿರುಗಿಸಿ "ನಾನೇ ತಿರುಗ್ತಿದೀನಿ" ಅನ್ನೋ ಭ್ರಮೆ ತಂದಾಗ ದೃಷ್ಟಿಯ ಭಾಗಗಳು ಚುರುಕಾಗ್ತವೆ, ಸಮತೋಲನದ ಸುದ್ದಿ ತಲುಪೋ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಭಾಗ ಮಂಕಾಗುತ್ತೆ. ಕಿವಿ ಹಿಂದೆ ಕರೆಂಟು ಕೊಟ್ಟು ಸ್ಕ್ಯಾನ್ ಮಾಡಿದ ಕೆಲಸಗಳಲ್ಲಿ ಇದರ ತಿರುಗುಮುರುಗು ಕಂಡಿದೆ, ದೃಷ್ಟಿಯ ಭಾಗ ಕುಗ್ಗುತ್ತೆ. ಕಣ್ಣು, ಕಿವಿ ಇಬ್ಬರ ಮಾತು ಹೊಂದದೇ ಹೋದಾಗ ಒಬ್ಬರನ್ನ ಸ್ವಲ್ಪ ಸುಮ್ಮನಿರಿಸೋ ವ್ಯವಸ್ಥೆ ಮಿದುಳಿನಲ್ಲೇ ಇದೆ.

ಹಿರಿಯೂರು_ಹುಡುಗ

ಬಿಇ ಓದ್ತಿದೀನಿ. ವಿಆರ್ (ವರ್ಚುಯಲ್ ರಿಯಾಲಿಟಿ, ಕಣ್ಣಿಗೆ ಕಟ್ಕೊಂಡು ನೋಡೋದು) ಹೆಡ್‌ಸೆಟ್ ಪ್ರಾಜೆಕ್ಟ್ ಮಾಡ್ಬೇಕು ಅಂತ ನಾವು ಮೂರು ಜನ ಹೊರಟಿದೀವಿ. ಗೇಮಲ್ಲಿ ಕಾರು ತಿರುಗಿದಾಗ ನಿಜವಾಗಿ ತಿರುಗಿದಂಗೆ ಅನ್ನಿಸೋಕೆ ಇದನ್ನ ಬಳಸ್ಬೋದಲ್ವಾ? 9 ವೋಲ್ಟ್ ಬ್ಯಾಟರಿ, ಒಂದು ರೆಸಿಸ್ಟರ್, ಎರಡು ಇಸಿಜಿ ಸ್ಟಿಕ್ಕರ್ ಸಾಕು ಅಂತ ವಿಡಿಯೋದಲ್ಲಿ ತೋರಿಸ್ತಾರೆ.

ಹೊಂಡದ_ಸರ್ಕಲ್

ತಮ್ಮಾ, ಅದನ್ನ ಮಾತ್ರ ಮಾಡಬೇಡ. ಯಾಕೆ ಅಂತ ಲೆಕ್ಕ ಸಮೇತ ಹೇಳ್ತೀನಿ ಕೇಳು.

ಬ್ಯಾಟರಿ ಕೊಡೋದು ವೋಲ್ಟೇಜು. ನಮಗೆ ಬೇಕಿರೋದು ಗೊತ್ತಾದ ಕರೆಂಟು. ನಡುವೆ ಇರೋದು ಚರ್ಮ, ಅದರ ರೆಸಿಸ್ಟೆನ್ಸ್ ಒಂದು ಕಡೆ ನಿಲ್ಲಲ್ಲ. ಒಣಗಿದ್ರೆ ಹತ್ತಾರು ಕಿಲೋಓಮ್ ಇರುತ್ತೆ. ಜೆಲ್ ಹಚ್ಚಿದ್ರೆ, ಬೆವರಿದ್ರೆ ಕೆಲವೇ ಕಿಲೋಓಮಿಗೆ ಇಳಿಯುತ್ತೆ. 9 ವೋಲ್ಟಿಗೆ 5 ಕಿಲೋಓಮ್ ಅಂದ್ರೆ 1.8 ಮಿಲಿಆಂಪಿಯರ್. ಚರ್ಮ ಇನ್ನೂ ನೆಂದ್ರೆ ಎಷ್ಟಕ್ಕೆ ಹೋಗುತ್ತೋ ನಿನ್ನ ಕೈಲಿಲ್ಲ. ಲ್ಯಾಬಿನ ಮೆಷಿನ್ನು ಕಾನ್‌ಸ್ಟಂಟ್ ಕರೆಂಟ್ ಸೋರ್ಸು. ಚರ್ಮ ಹೆಂಗೇ ಬದಲಾಗಲಿ ಕರೆಂಟು ಅಷ್ಟೇ ಇರುತ್ತೆ, ಮಿತಿ ದಾಟಿದ್ರೆ ಕಟ್ ಆಗುತ್ತೆ. ಕರೆಂಟನ್ನ ನಿಧಾನಕ್ಕೆ ಏರಿಸಿ ನಿಧಾನಕ್ಕೆ ಇಳಿಸ್ತಾರೆ ಕೂಡ. ನೀನು ವೈರು ಫಟ್ ಅಂತ ಕಿತ್ರೆ ತಲೆಗೆ ಫಟ್ ಅಂತ ಏಟು ಬಿದ್ದಂಗೆ ಆಗುತ್ತೆ.

ಇನ್ನೊಂದೈತೆ. ಡಿಸಿ ಒಂದೇ ಕಡೆ ಹರೀತಾ ಇದ್ರೆ ಎಲೆಕ್ಟ್ರೋಡ್ ಕೆಳಗೆ ಎಲೆಕ್ಟ್ರಾಲಿಸಿಸ್ ಆಗುತ್ತೆ. ಮೈನಸ್ ಕಡೆ ಕ್ಷಾರ, ಪ್ಲಸ್ ಕಡೆ ಆಮ್ಲ. ಸ್ಟಿಕ್ಕರ್ ಸಣ್ಣದಿದ್ದು ಹೊತ್ತು ಜಾಸ್ತಿ ಆದ್ರೆ ಚರ್ಮ ಸುಟ್ಟು ಗುಳ್ಳೆ ಏಳುತ್ತೆ. ಎಲ್ಲಕ್ಕಿಂತ ಕೆಟ್ಟದ್ದು, ಬ್ಯಾಟರಿ ಮುಗೀತು ಅಂತ ಯಾವನಾದ್ರೂ ಮೊಬೈಲ್ ಚಾರ್ಜರಿಂದ ಸಪ್ಲೈ ತಗೊಳ್ಳೋದು. ಅಗ್ಗದ ಚಾರ್ಜರೊಳಗೆ ಇನ್ಸುಲೇಷನ್ ಹೋಗಿ 230 ವೋಲ್ಟು ಈ ಕಡೆ ಬಂತು ಅಂದ್ರೆ ಎರಡು ವೈರೂ ಇರೋದು ತಲೆ ಮೇಲೆ. ಬಿಚ್ಚಿ ನೋಡಿದ ಚಾರ್ಜರುಗಳಲ್ಲಿ ಏನೇನು ಐತೆ ಅಂತ ನನಗೆ ಗೊತ್ತು, ಅದಕ್ಕೇ ಹೇಳ್ತಿದೀನಿ.

ಆನಗೋಡು_ಆಡಿಯೋ

ಅಣ್ಣ ಹೇಳಿದ ಒಂದೊಂದು ಮಾತಿಗೂ ನನ್ನ ಸಹಿ. ಫಿಟ್ಸ್ ಇರೋರು, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡೋರು, ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಇರೋರನ್ನ ಲ್ಯಾಬಿನವರೂ ಈ ಪ್ರಯೋಗಗಳಿಂದ ದೂರ ಇಡ್ತಾರೆ.

ಹುಡುಗ, ನಿನ್ನ ಆಸೆ ಮಾತ್ರ ಹೊಸದಲ್ಲ. 2005ರಲ್ಲೇ ಜಪಾನಿನ ಎನ್‌ಟಿಟಿ ಸಂಶೋಧಕರು ಜಿವಿಎಸ್ಸನ್ನ ಸಿಗ್‌ಗ್ರಾಫ್ ಅನ್ನೋ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ತೋರಿಸಿದ್ರು. 2016ರಲ್ಲಿ ಸ್ಯಾಮ್‌ಸಂಗ್ ಎಂಟ್ರಿಮ್ 4ಡಿ ಅನ್ನೋ ಹೆಡ್‌ಫೋನ್ ಮಾದರಿಯನ್ನ ಇದೇ ತತ್ವದ ಮೇಲೆ ಮುಂದಿಟ್ಟಿತ್ತು. ನೀನು ತಿಳ್ಕೋಬೇಕಾದ ತೊಡಕು ಇನ್ನೊಂದಿದೆ. ಈ ಕರೆಂಟು ಒಂದೊಂದು ನಾಳವನ್ನ ಬೇರೆ ಬೇರೆಯಾಗಿ ಆರಿಸಲ್ಲ, ಆ ಕಡೆಯ ಐದೂ ಭಾಗಗಳ ನರವನ್ನ ಒಟ್ಟಿಗೇ ತಟ್ಟುತ್ತೆ. ಎಲ್ಲ ಕೂಡಿ ಕಳೆದು ಉಳಿಯೋದು ಮುಖ್ಯವಾಗಿ ತಲೆ ಭುಜದ ಕಡೆಗೆ ಉರುಳಿದ ಅನುಭವ. ಎಡಬಲ ತಿರುಗಿದ ಅನುಭವ ಬೇಕಂದ್ರೆ ತಲೆಯನ್ನ ಪೂರ್ತಿ ಬಗ್ಗಿಸಿರಬೇಕು. ಹಾಗೆ ಬಗ್ಗಿಸಿ ಕಣ್ಣು ಕಟ್ಟಿದೋರು ಕರೆಂಟಿಗೆ ತಕ್ಕಂತೆ ಬಾಗಿದ ದಾರಿಯಲ್ಲಿ ನಡೆದ ಪ್ರಯೋಗ ಇದೆ. ತಲೆ ಎತ್ತಿ ಕೂತು ಆಡೋ ಕಾರ್ ಗೇಮಿಗೆ ಅದು ಹೊಂದಲ್ಲ.

ಹಿರಿಯೂರು_ಹುಡುಗ

ಸರಿ ಅಕ್ಕ, ಸರಿ ಅಣ್ಣ. ಬ್ಯಾಟರಿ ಐಡಿಯಾ ಬಿಟ್ವಿ. ಆದ್ರೆ ಆ ವಿಡಿಯೋದಲ್ಲಿ ಆನ್ ಮಾಡಿದ ತಕ್ಷಣ ಕಣ್ಣಲ್ಲಿ ಮಿಂಚು ಕಾಣ್ತು ಅಂತಾರೆ. ಅದೂ ಸಮತೋಲನದ ಅಂಗದಿಂದನಾ?

ಪಿಬಿ_ರೋಡ್_ಪಿಜಿ

ಇಲ್ಲ, ಅದು ಬೇರೆ. ತಲೆ ಮೇಲೆ ಹರಿಯೋ ಕರೆಂಟಿನ ಒಂದು ಪಾಲು ಚರ್ಮದ ಮೂಲಕ ಕಣ್ಣಿನವರೆಗೂ ಹೋಗಿ ರೆಟಿನಾವನ್ನ ತಟ್ಟುತ್ತೆ, ಮಿಂಚು ಅದರಿಂದ. ಬಾಯಲ್ಲಿ ಲೋಹದ ರುಚಿ ಬರೋದೂ ಹೀಗೇ. ಪ್ರಯೋಗ ಮಾಡೋರಿಗೆ ಇದು ದೊಡ್ಡ ತಲೆನೋವು. "ಕರೆಂಟು ಕೊಟ್ವಿ, ನೋಟ ಬದಲಾಯ್ತು" ಅಂದ್ರೆ ಸಾಲದು. ಅದೇ ಕರೆಂಟನ್ನ ಕುತ್ತಿಗೆ ಮೇಲೆ, ಸಮತೋಲನಕ್ಕೆ ಸಂಬಂಧ ಇಲ್ಲದ ಜಾಗದಲ್ಲಿ ಕೊಟ್ಟು, ಚುರುಚುರು ಅಷ್ಟೇ ಇದ್ದಾಗಲೂ ಗೆರೆ ವಾಲಲ್ಲ ಅಂತ ತೋರಿಸಬೇಕು. ಆ ಹೋಲಿಕೆ ಇಲ್ಲದ ಪ್ರಯೋಗವನ್ನ ನಾನು ಗಂಭೀರವಾಗಿ ತಗೊಳ್ಳಲ್ಲ.

ದುರ್ಗದ_ಬಂಡೆ

ಇತಿಹಾಸದ ಒಂದು ತುಣುಕು ಹಾಕ್ತೀನಿ, ಹುಡುಗರು ಓದ್ಲಿ. ಬ್ಯಾಟರಿ ಕಂಡುಹಿಡಿದ ವೋಲ್ಟಾನೇ ಮೊದಲು ಈ ಸಾಹಸ ಮಾಡಿದೋನು. ಎರಡೂ ಕಿವಿಗೆ ಲೋಹದ ಕಡ್ಡಿ ಇಟ್ಟು ತನ್ನ ಹೊಸ ಬ್ಯಾಟರಿಗೆ ಜೋಡಿಸಿದ. ತಲೆಯೊಳಗೆ ಏಟು ಬಿದ್ದಂಗಾಯ್ತು, ಆಮೇಲೆ ಗಟ್ಟಿ ದ್ರವ ಕುದಿಯೋವಂಥ ಸದ್ದು ಕೇಳ್ತು ಅಂತ 1800ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಮಿದುಳಿಗೆ ಅಪಾಯ ಅಂತ ಅನ್ನಿಸಿ ಮತ್ತೆ ಮಾಡಲಿಲ್ಲ. 1820ರ ಹೊತ್ತಿಗೆ ಪುರ್ಕಿನ್ಯೆ ಅನ್ನೋ ವಿಜ್ಞಾನಿ ತಲೆಸುತ್ತಿನ ಬಗ್ಗೆ ಬರೆಯುವಾಗ ಕರೆಂಟಿನಿಂದ ಬರೋ ಸುತ್ತನ್ನೂ ವಿವರಿಸಿದ. ಆಗ ಒಳಗಿವಿಯ ಈ ನಾಳಗಳು ಸಮತೋಲನಕ್ಕೆ ಅಂತಲೇ ಯಾರಿಗೂ ಸ್ಪಷ್ಟ ಇರಲಿಲ್ಲ. 1870ರ ದಶಕದಲ್ಲಿ ಮಾಖ್, ಬ್ರಾಯರ್ ಮುಂತಾದ ವಿಜ್ಞಾನಿಗಳ ಕೆಲಸದಿಂದ ಅದು ನಿಚ್ಚಳವಾಯ್ತು. ಅನುಭವ ಮೊದಲು ಬಂತು, ಅಂಗ ಆಮೇಲೆ ಸಿಕ್ತು.

ಹೊಳಲ್ಕೆರೆ_ಮಗಳು

ನಾನು ಸುಮ್ಮನೆ ಓದ್ತಿದ್ದೆ, ಈಗ ಕೇಳ್ತಿದೀನಿ. ನಮ್ಮ ಅಪ್ಪಾಜಿಗೆ ಬೇರೆ ಕಾಯಿಲೆಗೆ ಇಂಜೆಕ್ಷನ್ ಕೋರ್ಸ್ ಆದ ಮೇಲೆ ನಡೆಯುವಾಗ ಎಲ್ಲ ಕುಣಿದಂಗೆ ಕಾಣುತ್ತೆ. ಕೂತ್ರೆ ಸರಿ. ಕಣ್ಣು ತೋರಿಸಿದ್ರೆ ಏನಿಲ್ಲ ಅಂದ್ರು. ಒಬ್ಬರು "ಕರೆಂಟ್ ಟ್ರೀಟ್‌ಮೆಂಟ್ ಕೊಡ್ತೀವಿ, ಇಷ್ಟು ಸಿಟ್ಟಿಂಗ್ ಆಗ್ಬೇಕು" ಅಂತ ದುಡ್ಡು ಕೇಳಿದಾರೆ. ಇದೇನಾ ಅದು? ಕೊಡಿಸ್ಬೋದಾ ಅಕ್ಕ?

ಆನಗೋಡು_ಆಡಿಯೋ

ದುಡ್ಡು ಕೊಡಬೇಡಿ ತಂಗಿ, ಮೊದಲು ಇದನ್ನ ಓದಿ.

ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಥರದ ಕೆಲವು ಇಂಜೆಕ್ಷನ್ನು ಒಳಗಿವಿಯ ಸಮತೋಲನದ ಕೋಶಗಳಿಗೆ ಪೆಟ್ಟು ಕೊಡಬಹುದು, ಕೆಲವೊಮ್ಮೆ ಎರಡೂ ಕಡೆ. ತಲೆ ಅಲ್ಲಾಡಿದಾಗ ಕಣ್ಣನ್ನ ಅದರ ವಿರುದ್ಧ ದಿಕ್ಕಿಗೆ ತಿರುಗಿಸಿ ನೋಟ ನಿಲ್ಲಿಸೋದು ಒಳಗಿವಿಯ ಕೆಲಸ. ಅದು ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಆಗಿಬಿಡುತ್ತೆ, ಬರೀ ಕಣ್ಣಿನಿಂದ ಅಷ್ಟು ಬೇಗ ಸಾಧ್ಯ ಇಲ್ಲ. ಅದು ಹೋದ್ರೆ ಒಂದೊಂದು ಹೆಜ್ಜೆಗೂ ಲೋಕ ಕುಣಿಯುತ್ತೆ. 1952ರಲ್ಲಿ ಅಮೆರಿಕದ ಒಬ್ಬ ವೈದ್ಯ ಸ್ಟ್ರೆಪ್ಟೊಮೈಸಿನ್‌ನಿಂದ ತನಗೆ ಹೀಗಾದದ್ದನ್ನ ತಾನೇ ಬರೆದಿದಾನೆ. ನಾಡಿ ಮಿಡಿದಾಗ ತಲೆ ಅಲ್ಲಾಡೋದಿದೆಯಲ್ಲ, ಅಷ್ಟಕ್ಕೇ ಪುಸ್ತಕದ ಅಕ್ಷರ ಹಾರ್ತಿದ್ವಂತೆ. ಮಂಚದ ಕಂಬಿಗಳ ನಡುವೆ ತಲೆ ಒತ್ತಿ ಹಿಡಿದು ಓದ್ತಿದ್ದನಂತೆ. ನಿಮ್ಮ ಅಪ್ಪಾಜಿ ಸುಳ್ಳು ಹೇಳ್ತಿಲ್ಲ, ಅವರಿಗೆ ಮನಸ್ಸಿನ ಕಾಯಿಲೆನೂ ಅಲ್ಲ. ಮನೆಯಲ್ಲಿ ಎಲ್ಲರಿಗೂ ಇದನ್ನ ಹೇಳಿ.

ಮಾಡಬೇಕಾದ್ದು: ಆ ಇಂಜೆಕ್ಷನ್ನಿನ ಹೆಸರಿರೋ ಚೀಟಿ ತಗೊಂಡು ಇಎನ್‌ಟಿ ಅಥವಾ ನ್ಯೂರಾಲಜಿ ಡಾಕ್ಟರ ಹತ್ರ ಹೋಗಿ, ಸಮತೋಲನದ ಪರೀಕ್ಷೆ ಕೇಳಿ. ಕಣ್ಣು ಮತ್ತು ತಲೆ ಹೊಂದಿಸೋ ವ್ಯಾಯಾಮಗಳು ಇದಾವೆ, ಅಭ್ಯಾಸದಿಂದ ಎಷ್ಟೋ ಜನಕ್ಕೆ ಓಡಾಟ ಸುಧಾರಿಸುತ್ತೆ. ಕತ್ತಲಲ್ಲಿ, ಗದ್ದೆ ಬದುವಿನ ಮೇಲೆ ಒಬ್ಬರೇ ನಡೆಯೋದು ಬೇಡ. ಜಿವಿಎಸ್ ಇವತ್ತಿಗೂ ಹೆಚ್ಚಾಗಿ ಸಂಶೋಧನೆಯ ಸಲಕರಣೆ. ಗೊತ್ತೇ ಆಗದಷ್ಟು ಸಣ್ಣ, ಏರಿಳಿಯೋ ಕರೆಂಟಿನಿಂದ ಇಂಥವರ ನಡಿಗೆ ಸುಧಾರಿಸಬಹುದಾ ಅಂತ ಅಧ್ಯಯನ ನಡೀತಿವೆ. "ಇಷ್ಟು ಸಿಟ್ಟಿಂಗ್, ಇಷ್ಟು ದುಡ್ಡು" ಅನ್ನೋ ಹಂತಕ್ಕೆ ಅದು ಬಂದಿಲ್ಲ.

ಪಿಬಿ_ರೋಡ್_ಪಿಜಿ

ಚಿಕಿತ್ಸೆ ಅಂತ ಬಂದಿದ್ದಕ್ಕೆ ಒಂದು ಸಂಗತಿ. ಸ್ಟ್ರೋಕ್ ಆಗಿ ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರು ಎಡಗಡೆಯ ಲೋಕವನ್ನೇ ಗಮನಿಸಲ್ಲ. ತಟ್ಟೆಯ ಎಡಭಾಗದ ಅನ್ನ ಹಾಗೇ ಬಿಡ್ತಾರೆ. 1985ರಲ್ಲಿ ರೂಬೆನ್ಸ್ ಅನ್ನೋ ವೈದ್ಯ ಇಂಥವರ ಎಡಗಿವಿಗೆ ತಣ್ಣೀರು ಬಿಟ್ಟಾಗ ಸ್ವಲ್ಪ ಹೊತ್ತು ಎಡಗಡೆ ಗಮನ ವಾಪಸ್ ಬಂದದ್ದನ್ನ ವರದಿ ಮಾಡಿದ. ತಣ್ಣೀರೂ ಒಳಗಿವಿಯ ನಾಳವನ್ನೇ ಕದಲಿಸುತ್ತೆ, ಕಿವಿಗೆ ಬಿಸಿನೀರು ತಣ್ಣೀರು ಬಿಟ್ಟು ಸಮತೋಲನ ನೋಡೋ ಪರೀಕ್ಷೆಯ ಹಿಂದಿನ ಕೆಲಸಕ್ಕೇ ಬಾರಾನಿ ಅನ್ನೋ ವೈದ್ಯನಿಗೆ 1914ರ ನೊಬೆಲ್ ಬಂದಿದ್ದು. ಆಮೇಲೆ ಕರೆಂಟಿನಿಂದಲೂ ಇಂಥ ಪರಿಣಾಮ ಕಂಡಿದೆ. ಉಳಿಯೋದು ಸ್ವಲ್ಪ ಹೊತ್ತು ಮಾತ್ರ. ಆದ್ರೂ ನನಗೆ ಇದು ಗೆರೆ ವಾಲೋದಕ್ಕಿಂತ ದೊಡ್ಡ ವಿಷಯ. ಅಲ್ಲಿ ಬದಲಾಗೋದು ನೆಟ್ಟಗೆ, ಓರೆ ಅಷ್ಟೇ. ಇಲ್ಲಿ ಇದ್ದದ್ದು ಕಾಣುತ್ತಾ ಇಲ್ವಾ ಅನ್ನೋದೇ ಬದಲಾಗುತ್ತೆ.

ಹೊಳಲ್ಕೆರೆ_ಮಗಳು

ತುಂಬ ಉಪಕಾರ ಆಯ್ತು ಅಕ್ಕ. ಚೀಟಿ ಹುಡುಕಿ ಇಟ್ಕೊಂಡೆ. ಅಪ್ಪಾಜಿಗೆ ಆ ಡಾಕ್ಟರ ಕಥೆ ಓದಿ ಹೇಳಿದೆ, "ನನಗೂ ಹಂಗೇ ಕಣವ್ವ" ಅಂದ್ರು.

ದುರ್ಗದ_ಬಂಡೆ

ಮೇಡಂ, ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮಕ್ಕಳಿಗೆ ಇದನ್ನ ತೋರಿಸಬೇಕು ಅಂತ ಆಸೆ. ಕರೆಂಟು ಬೇಡವೇ ಬೇಡ. ಗೆರೆ ನೆಟ್ಟಗೆ ನಿಲ್ಲಿಸೋ ಪರೀಕ್ಷೆಯನ್ನ ಮಾತ್ರ ಕಡಿಮೆ ಖರ್ಚಲ್ಲಿ ಮಾಡಬಹುದಾ?

ಆನಗೋಡು_ಆಡಿಯೋ

ಖಂಡಿತ ಸರ್, ಒಂದು ಬಕೆಟ್ ಸಾಕು. 2009ರಲ್ಲಿ ಮ್ಯೂನಿಕ್‌ನ ವೈದ್ಯರು ಇದನ್ನೇ ಹಾಸಿಗೆ ಪಕ್ಕದ ಪರೀಕ್ಷೆ ಅಂತ ಪ್ರಕಟಿಸಿದ್ರು, ದೊಡ್ಡ ಯಂತ್ರಕ್ಕೆ ಹತ್ತಿರದ ಫಲಿತಾಂಶ ಬಂದಿತ್ತು.

ಬೆಳಕು ತೂರದ ಕಡುಬಣ್ಣದ ಬಕೆಟ್ ತಗೊಳ್ಳಿ. ಒಳಗಿನ ತಳದ ನಡುವೆ ಹಾದುಹೋಗೋ ಹಾಗೆ ಒಂದು ನೇರ ಗೆರೆ ಎಳೀರಿ. ಹೊರಗಿನ ತಳಕ್ಕೆ ಕೋನಮಾಪಕ ಅಂಟಿಸಿ, ಅದರ ಸೊನ್ನೆ ಒಳಗಿನ ಗೆರೆಗೆ ಸರಿಯಾಗಿ ಹೊಂದಿರಲಿ. ಹೊರಗಿನ ತಳದ ನಡುವಿನಿಂದಲೇ ದಾರಕ್ಕೆ ಗುಂಡು ಕಟ್ಟಿ ಇಳಿಬಿಡಿ. ಮಗು ನೆಟ್ಟಗೆ ಕೂತು, ಬಕೆಟ್ಟಿನೊಳಗೆ ಮುಖ ಇಟ್ಟು ಗೆರೆಯನ್ನಷ್ಟೇ ನೋಡಬೇಕು, ಅಂಚಿನಾಚೆ ಏನೂ ಕಾಣಬಾರದು. ನೀವು ಬಕೆಟ್ಟನ್ನ ಒಂದು ಕಡೆ ತಿರುಗಿಸಿ ನಿಧಾನಕ್ಕೆ ವಾಪಸ್ ತನ್ನಿ. "ಈಗ ನೆಟ್ಟಗಿದೆ" ಅಂದ ಕಡೆ ನಿಲ್ಲಿಸಿ ದಾರ ಎಷ್ಟು ಡಿಗ್ರಿ ಮೇಲಿದೆ ಅಂತ ಓದಿ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಹೀಗೆ ಹತ್ತು ಸಲ ಮಾಡಿ ಸರಾಸರಿ ತೆಗೀರಿ. ಸುಮಾರು ಎರಡೂವರೆ ಡಿಗ್ರಿ ಒಳಗೆ ಬಂದ್ರೆ ಸಹಜ.

ಆಮೇಲೆ ಅದೇ ಮಗುವಿಗೆ ತಲೆಯನ್ನ ಭುಜದ ಕಡೆ ಚೆನ್ನಾಗಿ ವಾಲಿಸಿಕೊಂಡು ಮತ್ತೆ ಮಾಡೋಕೆ ಹೇಳಿ, ಎರಡೂ ಸಂಖ್ಯೆ ಪಕ್ಕಪಕ್ಕ ಬರೆಸಿ. ಯಾವ ಮಗುವಿನ ಅಂಕಿ ಹೆಚ್ಚು ಬಂದ್ರೂ ಅದಕ್ಕೆ ಕಾಯಿಲೆ ಅಂತ ಯಾರೂ ಹೇಳಬಾರದು, ಅದನ್ನ ಬೋರ್ಡಲ್ಲೇ ಬರೆದಿಡಿ. ಕಿವಿಯ ಮಾದರಿ ಬೇಕಿದ್ರೆ ನನ್ನ ಹತ್ರ ಪ್ಲಾಸ್ಟಿಕ್‌ದೊಂದಿದೆ, ದಾವಣಗೆರೆಗೆ ಬಂದಾಗ ತಗೊಂಡು ಹೋಗಿ.

ಹೊಂಡದ_ಸರ್ಕಲ್

ಬಕೆಟ್ಟೊಳಗೆ ಗೆರೆ ಕಾಣಕ್ಕೆ ಬೆಳಕು ಸಾಲದೇ ಹೋದ್ರೆ ಕತ್ತಲಲ್ಲಿ ಹೊಳೆಯೋ ರೇಡಿಯಂ ಸ್ಟಿಕ್ಕರ್ ಪಟ್ಟಿ ಅಂಟಿಸಿ ಸರ್. ಗಾಡಿಗಳಿಗೆ ಅಂಟಿಸೋ ರಿಫ್ಲೆಕ್ಟರ್ ಥರದ್ದು ಬೇಡ, ಅದಕ್ಕೆ ಎದುರಿಂದ ಬೆಳಕು ಬೇಕು.